ಪೂರ್ವಪಕ್ಷಕ್ಕೆ ಉತ್ತರ

ಎಂಟರಿಂದ ಹತ್ತನೇ ತರಗತಿಯವರೆಗೆ ವಾರಕ್ಕೆ ಎರಡು ಪಿರಿಯಡ್ ಇಟ್ಟು, ಧರ್ಮ, ದರ್ಶನ, ನೀತಿ ಮೂರನ್ನೂ ಸೇರಿಸಿ ಒಂದು ವಿಷಯವಾಗಿ ಓದಿಸಬೇಕು ಎಂದು ಸಮಾಜ ವಿಜ್ಞಾನ ಶಿಕ್ಷಕರ ಸಭೆಯೊಂದರಲ್ಲಿ ನಾನು ಹೇಳಿದ್ದೆ. ಹಾವೇರಿ ಜಿಲ್ಲೆಯ ಹಳ್ಳಿ ಶಾಲೆಗಳಲ್ಲಿ ಇಪ್ಪತ್ತೇಳು ವರ್ಷ ಪಾಠ ಮಾಡಿದ ಮೇಲೆ ಗಟ್ಟಿಯಾದ ಅಭಿಪ್ರಾಯ ಅದು. ಸಭೆ ಮುಗಿಯುವುದರೊಳಗೆ ಆಕ್ಷೇಪಗಳು ಎದ್ದವು. ಆಮೇಲೆ ಫೋನಿನಲ್ಲಿ, ಬಸ್ಸಿನಲ್ಲಿ, ಒಂದು ಮದುವೆ ಮನೆಯ ಪಂಕ್ತಿಯಲ್ಲಿ ಸಹ ಬಂದವು. ಬೇರೆ ಯಾವ ಮಾತಿನಲ್ಲೂ ಒಬ್ಬರನ್ನೊಬ್ಬರು ಒಪ್ಪದ ಜನ ಇದೊಂದು ಬೇಡ ಎನ್ನುವುದರಲ್ಲಿ ಒಂದಾಗಿದ್ದರು. ನಮ್ಮ ಶಾಸ್ತ್ರಗ್ರಂಥಗಳಲ್ಲಿ ಒಂದು ಒಳ್ಳೆಯ ಶಿಸ್ತಿದೆ. ತನ್ನ ಸಿದ್ಧಾಂತ ಹೇಳುವ ಮೊದಲು ಎದುರಾಳಿಯ ವಾದವನ್ನು ಅವನೇ ತಲೆದೂಗುವಷ್ಟು ಚೆನ್ನಾಗಿ ಹೇಳಬೇಕು. ಅದಕ್ಕೆ ಪೂರ್ವಪಕ್ಷ ಎಂದು ಹೆಸರು. ಆ ಶಿಸ್ತಿಗೆ ತಪ್ಪದಂತೆ ಉತ್ತರ ಕೊಡಲು ಯತ್ನಿಸುತ್ತೇನೆ.

ಮೊದಲ ಆಕ್ಷೇಪ ವಕೀಲ ಮಿತ್ರರೊಬ್ಬರದು. ಸಂವಿಧಾನದ 28ನೇ ವಿಧಿ ಓದಿದ್ದೀರಾ, ಪೂರ್ತಿ ಸರ್ಕಾರದ ಹಣದಿಂದ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದು ಎಂದು ಅದು ನೇರವಾಗಿ ಹೇಳುತ್ತದೆ, ಇನ್ನು ಚರ್ಚೆ ಏಕೆ ಎಂದು ಕೇಳಿದರು. ಓದಿದ್ದೇನೆ. ಆ ವಿಧಿಯ ಬಗ್ಗೆ ನನಗಿರುವ ಗೌರವ ಅವರಿಗಿಂತ ಕಡಿಮೆಯದಲ್ಲ. ಆದರೆ 1948ರ ಡಿಸೆಂಬರ್ 7ರಂದು ಸಂವಿಧಾನ ರಚನಾ ಸಭೆಯಲ್ಲಿ ಈ ವಿಧಿ ಚರ್ಚೆಗೆ ಬಂದಾಗ ಇದೇ ಸಂಶಯವನ್ನು ಸದಸ್ಯರೊಬ್ಬರು ಎತ್ತಿದ್ದರು. ಬೋಧನೆ ಬೇರೆ, ಅಧ್ಯಯನ ಮತ್ತು ಸಂಶೋಧನೆ ಬೇರೆ ಎಂದು ಅಂಬೇಡ್ಕರ್ ಅಲ್ಲೇ ಸ್ಪಷ್ಟಪಡಿಸಿದರು. ಇದನ್ನು ನಂಬು ಎಂದು ಹೇಳಿಕೊಡುವುದು ಬೋಧನೆ. ಜನ ಏನನ್ನು ನಂಬುತ್ತಾರೆ, ಏಕೆ ನಂಬುತ್ತಾರೆ ಎಂದು ತಿಳಿಯುವುದು ಅಧ್ಯಯನ. ವಿಧಿಯ ಬೇಲಿ ಇರುವುದು ಮೊದಲನೆಯದಕ್ಕೆ.

ಆಮೇಲೆ ನ್ಯಾಯಾಲಯಗಳೂ ಇದೇ ಗೆರೆಯನ್ನು ಹಿಡಿದು ಬಂದಿವೆ. 1971ರ ಡಿಎವಿ ಕಾಲೇಜು ಪ್ರಕರಣದಲ್ಲಿ, ಗುರು ನಾನಕರ ಜೀವನ ಮತ್ತು ಉಪದೇಶಗಳ ಅಧ್ಯಯನಕ್ಕೆ ವಿಶ್ವವಿದ್ಯಾಲಯವೊಂದು ಅವಕಾಶ ಮಾಡುವುದು ಧಾರ್ಮಿಕ ಬೋಧನೆ ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. 2000ದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟನ್ನು ಪ್ರಶ್ನಿಸಿ ಅರುಣಾ ರಾಯ್ ಮತ್ತಿತರರು ಹೋದಾಗ, ಎಲ್ಲ ಧರ್ಮಗಳ ಬಗ್ಗೆ ತಿಳಿಸುವುದಕ್ಕೆ 28ನೇ ವಿಧಿ ಅಡ್ಡಿಯಲ್ಲ ಎಂದು 2002ರಲ್ಲಿ ತೀರ್ಪು ಬಂತು. ಇವಕ್ಕೂ ಮೊದಲೇ, 1964ರಿಂದ 66ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗ ಧಾರ್ಮಿಕ ಶಿಕ್ಷಣಕ್ಕೂ ಧರ್ಮಗಳ ಬಗೆಗಿನ ಶಿಕ್ಷಣಕ್ಕೂ ಇರುವ ವ್ಯತ್ಯಾಸವನ್ನು ಬಿಡಿಸಿ ಹೇಳಿ, ಪ್ರಮುಖ ಧರ್ಮಗಳೆಲ್ಲವನ್ನೂ ಕುರಿತು ಚೆನ್ನಾಗಿ ಆಯ್ದ ಪಾಠಗಳು ಶಾಲೆಯಲ್ಲೂ ಕಾಲೇಜಿನಲ್ಲೂ ಇರಲಿ ಎಂದು ಶಿಫಾರಸು ಮಾಡಿತ್ತು. ಅರವತ್ತು ವರ್ಷವಾಗುತ್ತ ಬಂತು.

ವಕೀಲರ ಮಾತಿನಲ್ಲಿ ನಿಜವಾದ ತಿರುಳೊಂದಿದೆ, ಅದನ್ನು ಒಪ್ಪುತ್ತೇನೆ. ಆ ಗೆರೆ ಬಹಳ ತೆಳು. ಪಾಠ ಶುರುವಾಗುವ ಮುನ್ನ ಎಲ್ಲರೂ ಕೈಮುಗಿಯಿರಿ ಎಂದ ಕ್ಷಣಕ್ಕೆ ಅಧ್ಯಯನ ಬೋಧನೆಯಾಗಿಬಿಡುತ್ತದೆ. ಹಾಗಾಗಿ ಈ ವಿಷಯದ ತರಗತಿಯಲ್ಲಿ ಪ್ರಾರ್ಥನೆ, ಪಠಣ, ಪೂಜೆ ಯಾವುದೂ ಇರಬಾರದು. ಅಷ್ಟೇ ಅಲ್ಲ, ಆ ಗೆರೆ ಎಲ್ಲಿದೆ ಎನ್ನುವುದನ್ನೇ ಮಕ್ಕಳಿಗೆ ಪಾಠ ಮಾಡಬೇಕು. 1985ರಲ್ಲಿ ಕೇರಳದ ಶಾಲೆಯೊಂದು ಯೆಹೋವನ ಸಾಕ್ಷಿಗಳ ಪಂಥಕ್ಕೆ ಸೇರಿದ ಒಂದೇ ಮನೆಯ ಮೂವರು ಮಕ್ಕಳನ್ನು ಹೊರಹಾಕಿತು. ರಾಷ್ಟ್ರಗೀತೆಗೆ ಅವರು ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಮರುವರ್ಷ ಸುಪ್ರೀಂ ಕೋರ್ಟ್ ಆ ಮಕ್ಕಳ ಪರ ತೀರ್ಪು ಕೊಟ್ಟಿತು. ಹದಿನೈದು ವರ್ಷದವರ ಮುಂದೆ ಈ ಪ್ರಕರಣ ಇಟ್ಟು ನೋಡಿ. ದೇಶ ದೊಡ್ಡದೋ ಆತ್ಮಸಾಕ್ಷಿ ದೊಡ್ಡದೋ, ಗೌರವ ಕೊಡಲು ಬಾಯಿ ತೆರೆಯಲೇಬೇಕೋ, ಎದ್ದು ನಿಂತದ್ದು ಸಾಲದೋ ಎಂದು ಅವರು ವಾದಿಸುತ್ತಿದ್ದರೆ ಗಂಟೆ ಹೊಡೆದದ್ದು ಯಾರಿಗೂ ಕೇಳಿಸುವುದಿಲ್ಲ. ನಾನು ಕಂಡದ್ದನ್ನೇ ಹೇಳುತ್ತಿದ್ದೇನೆ.

ಎರಡನೆಯವರು ನನ್ನ ಪರವಾಗಿಯೇ ಮಾತಾಡಲು ಬಂದರು. ಸರಿಯಾದ ಮಾತು ಹೇಳಿದಿರಿ, ಭಗವದ್ಗೀತೆ ಕಲಿಸಿದರೆ ಎಲ್ಲ ಆಯಿತು, ಉಳಿದ ಗೋಜಲು ಬೇಡ ಎಂದರು. ಅವರ ಬೆಂಬಲವನ್ನು ನಾನು ಸ್ವೀಕರಿಸಲಾರೆ. ಗೀತೆ ಈ ಪಠ್ಯದಲ್ಲಿ ಇರಲೇಬೇಕು, ಅದಿಲ್ಲದೆ ಭಾರತದ ದರ್ಶನ ಓದಿಸಿದೆವು ಎನ್ನುವುದು ಸುಳ್ಳಾಗುತ್ತದೆ. ಆದರೆ ಗೀತೆಯನ್ನು ಓದುವುದೆಂದರೆ ಶ್ಲೋಕ ಒಪ್ಪಿಸುವುದಲ್ಲ. ಶಂಕರರು, ರಾಮಾನುಜರು, ಮಧ್ವರು ಮೂವರೂ ಅದೇ ಏಳುನೂರು ಶ್ಲೋಕಗಳಿಗೆ ಭಾಷ್ಯ ಬರೆದು ಮೂರು ಬೇರೆ ತೀರ್ಮಾನಕ್ಕೆ ಬಂದರು. ಮಂಡಾಲೆಯ ಸೆರೆಮನೆಯಲ್ಲಿ ಕುಳಿತು 'ಗೀತಾರಹಸ್ಯ' ಬರೆದ ತಿಲಕರು ಅದರಲ್ಲಿ ಕರ್ಮಯೋಗದ ಕರೆಯನ್ನು ಕಂಡರು. ಗಾಂಧೀಜಿ ಅದರಲ್ಲೇ ಅಹಿಂಸೆಯನ್ನು ಕಂಡರು. ಅಂಬೇಡ್ಕರ್ ಅದನ್ನು ಕಟುವಾಗಿ ವಿಮರ್ಶಿಸಿದರು. ಒಂದು ಗ್ರಂಥದ ಸುತ್ತ ಇಷ್ಟು ಜನ ಇಷ್ಟು ಶತಮಾನ ತಲೆ ಕೆಡಿಸಿಕೊಂಡರಲ್ಲ, ಆ ತಲೆಕೆಡುವಿಕೆಯೇ ವಿದ್ಯೆ. ಅದನ್ನು ಕಲಿಸದೆ ಗೀತೆಯನ್ನು ಕಂಠಪಾಠಕ್ಕೆ ಇಳಿಸಿದರೆ ಗೀತೆಗೇ ಅನ್ಯಾಯ. ಕುರಾನಿಗೂ ಬೈಬಲಿಗೂ ವಚನಗಳಿಗೂ ಇದೇ ಮಾತು.

ಮೂರನೆಯದು ವಿಚಾರವಾದಿ ಗೆಳೆಯರದು. ಅವರ ಮಾತು ಕೇಳಿ ಬೆಳೆದವನು ನಾನು, ಅವರಿಗೆ ಉತ್ತರಿಸುವುದು ಕಷ್ಟ. ಮೌಢ್ಯವನ್ನು ಹೊಸ್ತಿಲಾಚೆ ನಿಲ್ಲಿಸಲು ಇಷ್ಟು ದಿನ ಹೆಣಗಿದೆವು, ನೀನು ಅದಕ್ಕೆ ವೇಳಾಪಟ್ಟಿಯಲ್ಲಿ ಜಾಗ ಕೇಳುತ್ತಿದ್ದೀಯ, ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು 51ಎ ವಿಧಿಯಂತೆ ಪ್ರತಿಯೊಬ್ಬ ಪ್ರಜೆಯ ಕರ್ತವ್ಯವಲ್ಲವೇ ಎಂದರು.

ಕರ್ತವ್ಯವೇ. ಅದಕ್ಕಾಗಿಯೇ ಕೇಳುತ್ತಿದ್ದೇನೆ. ಹದಿನಾಲ್ಕನೇ ಶತಮಾನದಲ್ಲಿ, ವಿಜಯನಗರದ ಕಾಲದಲ್ಲಿ, ಮಾಧವನೆಂಬ ವಿದ್ವಾಂಸ 'ಸರ್ವದರ್ಶನಸಂಗ್ರಹ' ಎಂಬ ಗ್ರಂಥ ಬರೆದ. ಹದಿನಾರು ದರ್ಶನಗಳನ್ನು ಒಂದೊಂದಾಗಿ ತೆಗೆದುಕೊಂಡು, ಆಯಾ ದರ್ಶನದವನೇ ಮಾತಾಡುತ್ತಿದ್ದಾನೆ ಎನ್ನುವಂತೆ ವಿವರಿಸುತ್ತ ಹೋಗುವ ಗ್ರಂಥ ಅದು. ಅದರ ಮೊದಲ ಅಧ್ಯಾಯ ಚಾರ್ವಾಕರದು. ದೇವರಿಲ್ಲ, ಪರಲೋಕವಿಲ್ಲ, ಕಣ್ಣಿಗೆ ಕಂಡದ್ದೇ ಪ್ರಮಾಣ ಎನ್ನುವವರನ್ನು ಒಬ್ಬ ವೇದಾಂತಿ ತನ್ನ ಗ್ರಂಥದ ಬಾಗಿಲಲ್ಲೇ ಕೂರಿಸಿದ್ದಾನೆ, ಅವರ ವಾದ ಮುಗಿಯುವವರೆಗೆ ಮಾತಾಡಲು ಬಿಟ್ಟಿದ್ದಾನೆ. ಅವರ ಹಿಂದೆಯೇ ಬೌದ್ಧರು, ಜೈನರು ಬರುತ್ತಾರೆ, ಅವರೂ ಸೃಷ್ಟಿಕರ್ತನನ್ನು ಒಪ್ಪದವರು. ನಾನು ಕೇಳುತ್ತಿರುವ ಪಠ್ಯದಲ್ಲಿ ನಾಸ್ತಿಕನಿಗೂ ಪೂರ್ಣ ಅಧ್ಯಾಯವಿದೆ, ಅದು ಅನುಬಂಧದಲ್ಲಿಲ್ಲ. ಈಗ ನಮ್ಮ ಶಾಲೆಗಳಲ್ಲಿ ನಾಸ್ತಿಕನಿಗೆ ಎಲ್ಲಿ ಜಾಗವಿದೆ? ಬೆಳಗಿನ ಪ್ರಾರ್ಥನೆ ಇದೆ, ಶಾರದಾ ಪೂಜೆ ಇದೆ, ಬೀಳ್ಕೊಡುಗೆ ದಿನ ಊದಿನಕಡ್ಡಿ ಇದೆ. ಆಚರಣೆ ನಡೆದೇ ಇದೆ, ಆಚರಣೆಯ ಬಗ್ಗೆ ಪ್ರಶ್ನೆ ಕೇಳುವ ಪಿರಿಯಡ್ ಒಂದು ಇಲ್ಲ.

ಇನ್ನೊಂದು ಮಾತು. ಅಮಾನವೀಯ ಅನಿಷ್ಟ ಪದ್ಧತಿಗಳನ್ನು ತಡೆಯಲು ಕರ್ನಾಟಕ 2017ರಲ್ಲಿ ಕಾಯ್ದೆ ಮಾಡಿತು, ಎಂಜಲೆಲೆಯ ಮೇಲೆ ಉರುಳುವ ಮಡೆಸ್ನಾನ ಅದರಡಿ ನಿಷಿದ್ಧ. ಕಾಯ್ದೆ ಬಂತು, ಒಳ್ಳೆಯದಾಯಿತು. ಆದರೆ ಹರಕೆ ಹೊತ್ತವನ ನಂಬಿಕೆ ಯಾವುದು, ಅವನ ಮಾನ ಯಾವುದು, ತಾನೇ ಇಷ್ಟಪಟ್ಟು ಉರುಳುತ್ತೇನೆ ಎಂದರೆ ಸರ್ಕಾರ ತಡೆಯಬಹುದೇ, ಆ ಇಷ್ಟ ಎಲ್ಲಿಂದ ಬಂತು, ಉಂಡೆದ್ದ ಎಲೆ ಯಾರದು, ಉರುಳುವ ಮೈ ಯಾರದು ಎಂದು ಒಂಬತ್ತನೇ ತರಗತಿಯ ಹುಡುಗಿಯರು, ಹುಡುಗರು ಕೂತು ಚರ್ಚಿಸದೆ ಆ ಕಾಯ್ದೆ ಮನಸ್ಸಿಗೆ ಇಳಿಯುವುದು ಹೇಗೆ? ನಿಷೇಧ ಪೊಲೀಸರ ಕೈಯಲ್ಲಿದ್ದರೆ ಸಾಲದು.

ಈಗ ನನ್ನನ್ನು ನಿದ್ದೆಗೆಡಿಸಿದ ಆಕ್ಷೇಪಕ್ಕೆ ಬರುತ್ತೇನೆ. ನಲವತ್ತರ ಹರೆಯದ ಸಹೋದ್ಯೋಗಿಯೊಬ್ಬರು ಎದ್ದು, ಬಹಳ ಶಾಂತವಾಗಿ ಕೇಳಿದರು: ಸರ್, ಪಠ್ಯ ಎಷ್ಟೇ ಚೆನ್ನಾಗಿರಲಿ, ಕಲಿಸುವವರು ನಾವೇ ತಾನೆ? ನಮ್ಮೊಳಗೆ ಇರುವುದು ಪಾಠದಲ್ಲಿ ಬರುವುದಿಲ್ಲವೇ?

ಬರುತ್ತದೆ. ನನ್ನ ಬಾಯಲ್ಲೇ ಬಂದಿದೆ. ವರ್ಷಗಳ ಹಿಂದೆ ಒಂದು ಸಂಜೆ, ತರಬೇತಿಗೆಂದು ನನ್ನದೇ ಪಾಠವನ್ನು ಮೊಬೈಲಿನಲ್ಲಿ ಮುದ್ರಿಸಿಕೊಂಡು ಕೇಳಿದೆ. ಶಂಕರಾಚಾರ್ಯರು ಜನಿಸಿದರು ಎಂದಿದ್ದೆ, ಬಸವಣ್ಣನವರು ಹೇಳಿದರು ಎಂದಿದ್ದೆ. ಅದೇ ಉಸಿರಿನಲ್ಲಿ ಯೇಸು ಹುಟ್ಟಿದ, ಪೈಗಂಬರ್ ಮೆಕ್ಕಾ ಬಿಟ್ಟು ಹೋದ ಎಂದಿದ್ದೆ. ಯಾರನ್ನೂ ಅವಮಾನಿಸುವ ಉದ್ದೇಶ ನನಗಿರಲಿಲ್ಲ. ಕನ್ನಡದ ಕ್ರಿಯಾಪದದ ತುದಿಯಲ್ಲಿ ನನ್ನ ಮನಸ್ಸು ಕಾಣಿಸಿಕೊಂಡಿತ್ತು. ಆ ತರಗತಿಯ ಮೂರನೇ ಬೆಂಚಿನಲ್ಲಿ ಕೂತಿದ್ದ ಇಬ್ಬರು ಹುಡುಗರು ಅದನ್ನು ವರ್ಷವಿಡೀ ಕೇಳಿಸಿಕೊಂಡಿದ್ದರು. ಒಂದು ದಿನವೂ ಏನೂ ಹೇಳಲಿಲ್ಲ. ಹೇಳುವುದಾದರೂ ಹೇಗೆ, ಮೇಷ್ಟ್ರಿಗೆ?

ಆಮೇಲೆ ಎರಡು ಕಟ್ಟುಪಾಡು ಹಾಕಿಕೊಂಡೆ. ಒಂದು, ಗೌರವ ಕೊಟ್ಟರೆ ಎಲ್ಲರಿಗೂ ಬಹುವಚನ. ಎರಡು, 'ಏವೆ' ಬಿಟ್ಟು 'ಆರೆ' ಹಿಡಿಯುವುದು. ನಾವು ಪೂಜಿಸುತ್ತೇವೆ ಎನ್ನಕೂಡದು, ವೈಷ್ಣವರು ಪೂಜಿಸುತ್ತಾರೆ ಎನ್ನಬೇಕು. ನಮ್ಮ ಹಬ್ಬ ಎನ್ನಕೂಡದು, ಹೆಸರು ಹೇಳಬೇಕು. 'ನಾವು' ಎಂದು ಮೇಷ್ಟ್ರು ಹೇಳಿದ ಕೂಡಲೇ ತರಗತಿ ಎರಡಾಗುತ್ತದೆ, ಒಂದಷ್ಟು ಮಕ್ಕಳು ಒಳಗೆ, ಒಂದಷ್ಟು ಮಕ್ಕಳು ಹೊರಗೆ. ಪ್ರತ್ಯಯ ಬದಲಿಸಿದರೆ ಮನಸ್ಸು ಬದಲಾಗುವುದೇ ಎಂದು ಆ ಸಹೋದ್ಯೋಗಿ ಕೇಳಬಹುದು. ಒಂದೇ ದಿನಕ್ಕೆ ಆಗುವುದಿಲ್ಲ. ದಿನವೂ ನಾಲಿಗೆಯನ್ನು ಕಾಯುತ್ತ ಹೋದರೆ, ಕಾಯುವವನೂ ಕ್ರಮೇಣ ಬದಲಾಗುತ್ತಾನೆ ಎಂಬುದಕ್ಕೆ ನನ್ನ ಬಳಿ ನನ್ನೊಬ್ಬನ ಸಾಕ್ಷಿ ಇದೆ.

ಒಳ್ಳೆಯ ಮನಸ್ಸಿನ ಮೇಷ್ಟ್ರು ಸಿಕ್ಕಿದರೆ ಸಾಕು ಎಂದು ಇದನ್ನು ಬಿಟ್ಟುಬಿಡುವಂತಿಲ್ಲ. ನಾರ್ವೆ 1997ರಲ್ಲಿ ಕ್ರೈಸ್ತ ಧರ್ಮವನ್ನೂ ಇತರ ಧರ್ಮ, ದರ್ಶನಗಳನ್ನೂ ಸೇರಿಸಿ ಎಲ್ಲ ಮಕ್ಕಳಿಗೂ ಕಡ್ಡಾಯ ವಿಷಯ ಮಾಡಿತು. ಉದ್ದೇಶ ಚೆನ್ನಾಗಿತ್ತು, ತಕ್ಕಡಿ ಮಾತ್ರ ಕ್ರೈಸ್ತ ಧರ್ಮದ ಕಡೆಗೆ ವಾಲಿತ್ತು. ಹತ್ತು ವರ್ಷದ ನಂತರ, 2007ರಲ್ಲಿ, ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಅದರಿಂದ ಪೋಷಕರ ಹಕ್ಕಿಗೆ ಭಂಗ ಬಂದಿದೆ ಎಂದು ಹೇಳಿತು. ನ್ಯಾಯಮೂರ್ತಿಗಳಲ್ಲಿ ಒಂಬತ್ತು ಮಂದಿ ಆ ಕಡೆ, ಎಂಟು ಮಂದಿ ಈ ಕಡೆ. ಅಷ್ಟು ಸೂಕ್ಷ್ಮದ ಕೆಲಸ ಇದು. ನಮ್ಮಲ್ಲೂ 2022ರಲ್ಲಿ ಒಂಬತ್ತನೇ ತರಗತಿಯ ಬಸವಣ್ಣನವರ ಪಾಠದಲ್ಲಿ ಮಾಡಿದ ಬದಲಾವಣೆಗೆ ಮಠಾಧೀಶರು ಎದ್ದು ನಿಂತದ್ದನ್ನು ಮರೆತಿಲ್ಲ. ಆದ್ದರಿಂದ ಪ್ರತಿ ಧರ್ಮದ ಪಾಠವನ್ನು ಆ ಧರ್ಮದ ವಿದ್ವಾಂಸರೂ ಹೊರಗಿನ ವಿದ್ವಾಂಸರೂ ಕೂಡಿ ಓದಿ ಒಪ್ಪಬೇಕು, ಸರ್ಕಾರ ಬದಲಾದಾಗಲೆಲ್ಲ ಪುಸ್ತಕ ಬದಲಾಗಕೂಡದು, ಈ ವಿಷಯಕ್ಕೇ ಬೇರೆಯಾಗಿ ತರಬೇತಿ ಪಡೆದ ಶಿಕ್ಷಕರು ಬೇಕು. ಇಷ್ಟು ಸಿದ್ಧವಾಗದಿದ್ದರೆ ಎರಡು ವರ್ಷ ತಡವಾಗಲಿ, ಕೆಟ್ಟದಾಗಿ ಶುರು ಮಾಡುವುದು ಬೇಡ. ಈ ಮಟ್ಟಿಗೆ ಆ ಸಹೋದ್ಯೋಗಿ ಗೆದ್ದಿದ್ದಾರೆ.

ಶಿಕ್ಷಕರಲ್ಲಿ ಪೂರ್ವಗ್ರಹ ಇದೆ, ಹಾಗಾಗಿ ಶಾಲೆ ಬಾಯಿ ಮುಚ್ಚಿಕೊಂಡಿರಲಿ ಎನ್ನುವುದನ್ನು ಮಾತ್ರ ಒಪ್ಪಲಾರೆ. ಬಾಯಿ ಮುಚ್ಚಿದ ಶಾಲೆ ಏನು ಕಲಿಸುತ್ತದೆ ಎಂದು ನನಗೆ ಗೊತ್ತು. ಒಂದು ರಂಜಾನ್ ತಿಂಗಳಲ್ಲಿ, ರೋಜಾ ಹಿಡಿದಿದ್ದ ಹುಡುಗಿಯನ್ನು ಗೆಳತಿಯರು ಮುತ್ತಿಕೊಂಡು ಕೇಳುತ್ತಿದ್ದರು: ನೀರೂ ಕುಡಿಯಂಗಿಲ್ಲೇನ? ಉಗುಳು ನುಂಗಬಹುದೇನ? ಹಸಿವಾದ್ರ ಏನ್ ಮಾಡ್ತಿ? ಅವಳು ನಗುತ್ತ ಉತ್ತರ ಹೇಳುತ್ತಿದ್ದಳು. ನಾನು ಒಳಗೆ ಬಂದವನು, ಅದೆಲ್ಲ ಮನಿ ವಿಷಯ, ಇಲ್ಲಿ ಬ್ಯಾಡ, ಪುಸ್ತಕ ತಗೀರಿ ಎಂದೆ. ಗುಂಪು ಚದುರಿತು. ಆ ಹುಡುಗಿಯ ಮುಖ ಇಳಿಯಿತು, ತಾನು ಏನೋ ಮಾಡಬಾರದ್ದನ್ನು ಮಾಡಿದೆ ಎಂಬಂತೆ. ಗೆಳತಿಯರಿಗೆ ಉಳಿದ ಪ್ರಶ್ನೆಗಳಿದ್ದವಲ್ಲ, ಅವುಗಳಿಗೆ ಆ ರಾತ್ರಿ ಅಣ್ಣಂದಿರ ಮೊಬೈಲುಗಳು ಉತ್ತರ ಹೇಳಿರುತ್ತವೆ. ಆ ಉತ್ತರ ಎಂಥದಿರುತ್ತದೆ ಎಂದು ಓದುಗರಿಗೆ ಗೊತ್ತು.

ಮಕ್ಕಳಿಗೆ ಇದೆಲ್ಲ ಅರ್ಥವಾಗುವುದಿಲ್ಲ, ಎಳೆಯ ವಯಸ್ಸು ಎನ್ನುವವರು ಹದಿಹರೆಯದವರ ಜೊತೆ ಮಾತಾಡಿ ಬಹಳ ದಿನವಾಗಿರಬೇಕು. ಕೊರೋನಾ ಎರಡನೇ ಅಲೆಯ ನಂತರ ಶಾಲೆ ತೆರೆದಾಗ, ತಂದೆಯನ್ನು ಕಳೆದುಕೊಂಡ ಹುಡುಗನೊಬ್ಬ ಹತ್ತನೇ ತರಗತಿಗೆ ಬಂದ. ಜಾಣ, ಮಾತು ಕಡಿಮೆ. ಒಂದು ದಿನ ಎಲ್ಲರೂ ಊಟಕ್ಕೆ ಹೋದ ಮೇಲೆ ಮೇಜಿನ ಹತ್ತಿರ ನಿಂತು ಕೇಳಿದ: "ಸರ, ನಮ್ಮಪ್ಪ ಹೋಗಿದ್ದು ಅಂವ ಮಾಡಿದ ಕರ್ಮಕ್ಕರೀ?" ತಿಥಿಯ ದಿನ ಬಂಧುಗಳಲ್ಲಿ ಯಾರೋ ಅವನೆದುರೇ ಹಾಗಂದಿದ್ದರಂತೆ. ನನ್ನ ಕೈ ಅವನ ಹೆಗಲ ಮೇಲೆ ಹೋಯಿತು, ಬಾಯಿಂದ ಮಾತು ಬರಲಿಲ್ಲ. ಹಾಗೆಲ್ಲ ಏನೂ ಇಲ್ಲಪ್ಪ, ಊಟ ಮಾಡು ಹೋಗು ಎಂದೆ.

ಆ ಹುಡುಗನಿಗೆ ನಾನು ಕೊಡಬೇಕಾಗಿದ್ದ ಉತ್ತರ ನಮ್ಮ ನೆಲದಲ್ಲೇ ಇತ್ತು. ಕರ್ಮವೆಂದರೆ ಜೀವಕ್ಕೆ ಅಂಟುವ ಸೂಕ್ಷ್ಮ ಧೂಳಿನಂತಹ ದ್ರವ್ಯ ಎಂದು ಜೈನರು ವಿವರಿಸುತ್ತಾರೆ. ಮನುಷ್ಯ ಅನುಭವಿಸುವುದೆಲ್ಲ ಹಿಂದೆ ಮಾಡಿದ್ದರಿಂದಲೇ ಎನ್ನುವ ಮಾತನ್ನು ಬುದ್ಧ ಒಪ್ಪಲಿಲ್ಲ. ಪಿತ್ತ, ಕಫ, ವಾತ, ಋತು ಇವುಗಳಿಂದಲೂ ನೋವು ಬರುತ್ತದೆ ಎಂದು ಹೇಳಿದ್ದು ಪಾಳಿ ಸುತ್ತಗಳಲ್ಲಿದೆ. ಯೋಬನ ಕಥೆಯಲ್ಲಿ ಗೆಳೆಯರು ಬಂದು ನೀನು ಪಾಪ ಮಾಡಿರಬೇಕು ಎನ್ನುತ್ತಾರೆ, ಕಥೆ ಕೊನೆಗೆ ಆ ಗೆಳೆಯರನ್ನೇ ತಪ್ಪಿತಸ್ಥರನ್ನಾಗಿ ಮಾಡುತ್ತದೆ. ಚಾರ್ವಾಕ ಕರ್ಮವನ್ನೇ ಅಲ್ಲಗಳೆಯುತ್ತಾನೆ. ಇವುಗಳಲ್ಲಿ ಯಾವುದು ಸತ್ಯ ಎಂದು ನಾನು ಹೇಳಬೇಕಾಗಿರಲಿಲ್ಲ. ತನ್ನ ತಂದೆಯ ಸಾವಿನ ಬಗ್ಗೆ ಜಗತ್ತಿನಲ್ಲಿ ಒಂದೇ ವಿವರಣೆ ಇಲ್ಲ, ತಿಥಿಯ ದಿನ ಕೇಳಿಸಿದ ಮಾತೇ ಕೊನೆಯ ಮಾತಲ್ಲ ಎಂದು ಅವನಿಗೆ ಗೊತ್ತಾಗಿದ್ದರೆ ಸಾಕಿತ್ತು. ದರ್ಶನ ಓದಿಸಿ ಎಂದು ನಾನು ಕೇಳುವಾಗ ನನ್ನ ಕಣ್ಣ ಮುಂದೆ ಆ ಹುಡುಗ ನಿಂತಿರುತ್ತಾನೆ.

ಬೇರೆ ಧರ್ಮ ಓದಿದರೆ ಮಕ್ಕಳು ಮತಾಂತರವಾಗುತ್ತಾರೆ ಎಂಬ ಭಯವನ್ನು ಮೂರು ಸಮುದಾಯದ ಪೋಷಕರೂ ನನ್ನೆದುರು ಹೇಳಿದ್ದಾರೆ, ಪ್ರತಿಯೊಬ್ಬರೂ ತಮ್ಮ ಮಕ್ಕಳ ಬಗ್ಗೆ ಮಾತ್ರ. ಶಿಶುನಾಳ ನಮ್ಮದೇ ಜಿಲ್ಲೆ. ಗೋವಿಂದಭಟ್ಟರ ಶಿಷ್ಯರಾಗಿ ಶರೀಫರು ತಮ್ಮ ಹೆಸರು ಬದಲಿಸಲಿಲ್ಲ, ಗುರುಗಳೂ ಬದಲಿಸು ಎನ್ನಲಿಲ್ಲ. ಇದಕ್ಕಿಂತ ಹೆಚ್ಚಿನ ಉತ್ತರ ಆ ಭಯಕ್ಕೆ ಬೇಕಿಲ್ಲ.

ಇದರ ಬೆನ್ನಿಗೇ, ಸೌಹಾರ್ದದ ಕಥೆಗಳನ್ನಷ್ಟೇ ಕಲಿಸಿ, ಜಗಳದ ಮಾತು ಬೇಡ ಎನ್ನುವವರಿಗೂ ಒಂದು ಮಾತು. ನಮ್ಮ ಜಿಲ್ಲೆಯ ಅಬಲೂರಿನಲ್ಲಿ ಸುಮಾರು 1200ರ ಶಾಸನವೊಂದಿದೆ. ಏಕಾಂತದ ರಾಮಯ್ಯ ಜೈನರೊಡನೆ ಪಂಥ ಕಟ್ಟಿ ತನ್ನ ತಲೆ ಕಡಿದು ಶಿವನಿಗೆ ಅರ್ಪಿಸಿ ಮರಳಿ ಪಡೆದ, ಪಂಥ ಗೆದ್ದು ಜಿನಬಿಂಬವನ್ನು ಒಡೆದ, ಬಿಜ್ಜಳ ಅವನಿಗೆ ಜಯಪತ್ರ ಕೊಟ್ಟ ಎಂದು ಅದು ಹೇಳುತ್ತದೆ. ಅದನ್ನು ಮುಚ್ಚಿಟ್ಟು ಶರೀಫರನ್ನಷ್ಟೇ ತೋರಿಸಿದರೆ ಮಕ್ಕಳು ಮುಂದೊಂದು ದಿನ ಮುಚ್ಚಿಟ್ಟದ್ದನ್ನು ಕಂಡು ನಾವು ಹೇಳಿದ ಎಲ್ಲವನ್ನೂ ಅನುಮಾನಿಸುತ್ತಾರೆ. ಅಬಲೂರನ್ನೂ ಶಿಶುನಾಳವನ್ನೂ ಒಂದೇ ವಾರದಲ್ಲಿ ಓದಿಸಬೇಕು.

ಉಳಿದದ್ದು ಸಮಯ ಮತ್ತು ಅಂಕ. ಎಸ್ಸೆಸ್ಸೆಲ್ಸಿಯ 625 ಅಂಕಗಳಲ್ಲಿ ಇಲ್ಲದ್ದನ್ನು ಯಾರು ಓದುತ್ತಾರೆ, ನೀತಿಪಾಠದ ಪಿರಿಯಡ್ಡಿನಲ್ಲಿ ಗಣಿತದ ಪೋರ್ಷನ್ ಮುಗಿಸುವುದು ಎಲ್ಲರಿಗೂ ಗೊತ್ತಿಲ್ಲವೇ ಎಂದು ಕೇಳುತ್ತಾರೆ. ಗೊತ್ತಿದೆ. ಹಾಗಾಗಿಯೇ ಬಿಡಿ ನೀತಿಪಾಠ ಬೇಡ, ಪರೀಕ್ಷೆ ಇರುವ ವಿಷಯ ಬೇಕು ಎನ್ನುತ್ತಿದ್ದೇನೆ. ಬುದ್ಧ, ಮಹಾವೀರ, ಯೇಸು, ಪೈಗಂಬರ್, ಮೂವರು ಆಚಾರ್ಯರು, ಬಸವಣ್ಣನವರು ಈಗಲೂ ಸಮಾಜ ವಿಜ್ಞಾನದ ಪುಸ್ತಕಗಳಲ್ಲಿ ಇದ್ದಾರೆ, ಹುಟ್ಟಿದ ಊರು ಮತ್ತು ತಂದೆತಾಯಿಯ ಹೆಸರಿನ ಒಂದು ಅಂಕದ ಪ್ರಶ್ನೆಗಳಾಗಿ. ಅವರನ್ನು ಅಲ್ಲಿಂದ ತಂದು ಇಲ್ಲಿ ಕೂರಿಸಿದರೆ ಅಲ್ಲಿಯ ಭಾರವೂ ಇಳಿಯುತ್ತದೆ. ನಂಬಿಕೆಗೆ ಅಂಕ ಕೊಡುವುದು ಹೇಗೆ ಎನ್ನುವವರಿಗಾಗಿ ಒಂದು ಮಾದರಿ ಪ್ರಶ್ನೆಯನ್ನು ಸಿದ್ಧಪಡಿಸಿ ಆ ಸಭೆಯ ಎಲ್ಲರಿಗೂ ಕಳಿಸಿದ್ದೇನೆ. ಅದನ್ನು ಇಲ್ಲಿಯೂ ಕೊಡುತ್ತೇನೆ.

"1368ರಲ್ಲಿ ಜೈನರು, ವೈಷ್ಣವರಿಂದ ತಮಗೆ ಅನ್ಯಾಯವಾಗುತ್ತಿದೆ ಎಂದು ಬುಕ್ಕರಾಯನಲ್ಲಿ ದೂರಿದರು. ರಾಜ ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲ ಎಂದು ಹೇಳಿದ. ಪಂಚಮಹಾವಾದ್ಯ ಮತ್ತು ಕಲಶದ ಹಕ್ಕು ಜೈನರಿಗೂ ಉಂಟೆಂದು ತೀರ್ಮಾನಿಸಿದ. ಬೆಳ್ಗೊಳದ ಕಾವಲಿಗೆ ಇಪ್ಪತ್ತು ಮಂದಿಯನ್ನು ವೈಷ್ಣವರ ಕಡೆಯಿಂದ ನೇಮಿಸುವಂತೆ, ಅದರ ಖರ್ಚಿಗೆ ಜೈನರು ಮನೆಗೆ ವರ್ಷಕ್ಕೊಂದು ಹಣ ಕೊಡುವಂತೆ ವ್ಯವಸ್ಥೆ ಮಾಡಿದ. ಶ್ರವಣಬೆಳಗೊಳದ ಈ ಶಾಸನದ ಪಾಠವನ್ನು ಓದಿ ಉತ್ತರಿಸಿ. ಅ) ದೂರು ಕೊಟ್ಟವರೇ ಕಾವಲಿನ ಖರ್ಚು ಕೊಡುವುದು ನ್ಯಾಯವೇ? ಆ) ಭೇದವಿಲ್ಲ ಎಂಬ ರಾಜನ ಮಾತನ್ನು ಒಬ್ಬ ಜೈನ ವಿದ್ವಾಂಸ, ಒಬ್ಬ ವೈಷ್ಣವ ವಿದ್ವಾಂಸ, ಒಬ್ಬ ಚಾರ್ವಾಕ ಹೇಗೆ ಪರಿಶೀಲಿಸುತ್ತಿದ್ದರು? ಮೂವರ ವಾದವನ್ನೂ ಬರೆಯಿರಿ. ಇ) ನಿಮಗೆ ಒಪ್ಪಿಗೆಯಾಗದ ವಾದವನ್ನು ಅತ್ಯಂತ ಚೆನ್ನಾಗಿ ಬರೆದವರಿಗೆ ಹೆಚ್ಚಿನ ಅಂಕ."